ಎಷ್ಟು ಮೊಳ ಕರುಳು ಉಳಿದಿದೆ?

ಓದುಗರ ಪ್ರಶ್ನೆ, ವೈದ್ಯೆಯ ಉತ್ತರ

ಎರಡು ತಿಂಗಳ ಹಿಂದೆ ಇದೇ ಪುಟದಲ್ಲಿ ಕ್ರೋನ್ಸ್ ಕಾಯಿಲೆಯ (ಕರುಳಿನಲ್ಲಿ ಮತ್ತೆ ಮತ್ತೆ ಊತ, ಹುಣ್ಣು ತರುವ ದೀರ್ಘಕಾಲದ ಕಾಯಿಲೆ) ಬಗ್ಗೆ ಒಂದು ಸಣ್ಣ ಪ್ರಶ್ನೆಗೆ ಉತ್ತರ ಬರೆದಿದ್ದೆ. ಆಮೇಲೆ ಬಂದ ಪತ್ರಗಳನ್ನು ಒಂದು ಕಡೆ ಎತ್ತಿಟ್ಟುಕೊಂಡು ಓದಿದೆ. ಎಷ್ಟೋ ಪತ್ರಗಳಲ್ಲಿ ಒಂದೇ ಭಯ. ಆಪರೇಷನ್ ಆಗಿದೆ, ಕರುಳು ತೆಗೆದಿದ್ದಾರೆ, ತಿಂದದ್ದು ಮೈಗೆ ಹತ್ತುತ್ತಿಲ್ಲ, ಮುಂದೇನು? ಹಾಗಾಗಿ ಈ ಸಲ ಇಡೀ ಪುಟ ಇದಕ್ಕೇ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದೀರಿ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನನ್ನ ಅಣ್ಣನಿಗೆ 34 ವರ್ಷ. 11 ವರ್ಷದಿಂದ ಕ್ರೋನ್ಸ್ ಇದೆ. ಮೂರು ಆಪರೇಷನ್ ಆಗಿದೆ. ಮೂರನೆಯದು ಆಗಿ ಎರಡು ತಿಂಗಳಾಯಿತು. ಸಣ್ಣ ಕರುಳನ್ನು ತುಂಬಾ ತೆಗೆದು, ಉಳಿದ ತುದಿಯನ್ನು ಹೊಟ್ಟೆಯ ಮೇಲೆ ತಂದು ಬ್ಯಾಗ್ ಹಾಕಿದ್ದಾರೆ. ದೊಡ್ಡ ಕರುಳು ಒಳಗೇ ಇದೆಯಂತೆ, ಜೋಡಿಸಿಲ್ಲವಂತೆ. ದಿನಕ್ಕೆ ಏಳೆಂಟು ಸಲ ಬ್ಯಾಗ್ ತುಂಬುತ್ತದೆ. ಎಷ್ಟು ನೀರು, ಎಳನೀರು ಕುಡಿಸಿದರೂ ಬಾಯಾರಿಕೆ ಹೋಗುವುದಿಲ್ಲ. ಕೈಬೆರಳು ಸೆಟೆದುಕೊಳ್ಳುತ್ತವೆ. 62 ಕೆಜಿ ಇದ್ದವನು 44ಕ್ಕೆ ಇಳಿದಿದ್ದಾನೆ. ಕರುಳು ಫೇಲ್ಯೂರ್, ಟಿಪಿಎನ್ ಬೇಕಾಗಬಹುದು ಅಂತ ಚೀಟಿಯಲ್ಲಿ ಬರೆದಿದ್ದಾರೆ. ಇದಕ್ಕೆ ಚಿಕಿತ್ಸೆ ಇದೆಯಾ? ಕರುಳನ್ನೂ ಕಸಿ ಮಾಡುತ್ತಾರಂತೆ. ನನ್ನದನ್ನು ಕೊಡಲು ಬರುತ್ತದಾ?
– ಓದುಗಿ, ದಾವಣಗೆರೆ

ಉತ್ತರ: ತಂಗಿ, ನಿಮ್ಮ ಪತ್ರದ ಕೊನೆಯ ಸಾಲು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಅದಕ್ಕೆ ಉತ್ತರ ಕೊಡುತ್ತೇನೆ. ಆದರೆ ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇದೆ, ಅದನ್ನು ಈ ವಾರವೇ ಮಾಡಬೇಕು. ಅಣ್ಣನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ, ಕ್ರಿಯೇಟಿನಿನ್, ಜೊತೆಗೆ ಮೂತ್ರದಲ್ಲಿ ಸೋಡಿಯಂ ಎಷ್ಟಿದೆ ನೋಡಿಸಿ. ಬೆರಳು ಸೆಟೆದುಕೊಳ್ಳುವುದು ಹೆಚ್ಚಾಗಿ ಮೆಗ್ನೀಸಿಯಂ ಕಡಿಮೆಯಾದಾಗ. ಅವರ ಮೈಯಲ್ಲಿ ಉಪ್ಪು ಬತ್ತಿಹೋಗಿದೆ ಎಂದು ನಿಮ್ಮ ಪತ್ರ ಓದಿದರೇ ಗೊತ್ತಾಗುತ್ತದೆ.

ಆ ಡಾಕ್ಟರನ್ನು ಒಂದು ಮಾತು ಕೇಳಿ, ಉತ್ತರವನ್ನು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳಿ. ಎಷ್ಟು ಕರುಳು ತೆಗೆದಿದ್ದಾರೆ ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಉಳಿದಿದೆ ಎಂದು ಕೇಳಿ. ದೊಡ್ಡವರಲ್ಲಿ ಸಣ್ಣ ಕರುಳು ಸುಮಾರು 6 ಮೀಟರ್ ಇರುತ್ತದೆ, ನಮ್ಮ ಲೆಕ್ಕದಲ್ಲಿ ಹದಿಮೂರು ಮೊಳ. ಕೆಲವರಿಗೆ ಹುಟ್ಟಿನಿಂದಲೇ 3 ಮೀಟರ್, ಕೆಲವರಿಗೆ 8. ಇಬ್ಬರಿಗೂ 2 ಮೀಟರ್ ತೆಗೆದರೆ ಒಬ್ಬರು ಆರಾಮಾಗಿರುತ್ತಾರೆ, ಇನ್ನೊಬ್ಬರು ಹಾಸಿಗೆ ಹಿಡಿಯುತ್ತಾರೆ. ಉಳಿದದ್ದು 2 ಮೀಟರ್‌ಗಿಂತ ಕಡಿಮೆ ಇದ್ದರೆ ಅದನ್ನು ಗಿಡ್ಡ ಕರುಳು ಎನ್ನುತ್ತೇವೆ. ಶಸ್ತ್ರವೈದ್ಯರು ಆಪರೇಷನ್ ಟೇಬಲ್ ಮೇಲೇ ಅಳೆದು ಬರೆದಿರಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಇಲ್ಲದಿದ್ದರೆ ಆಪರೇಷನ್ ನೋಟ್ಸ್ ಕೇಳಿ ಪಡೆಯಿರಿ. ಅದು ನಿಮ್ಮ ಹಕ್ಕು. ಎಷ್ಟು ಸೆಂಟಿಮೀಟರ್, ಯಾವ ಭಾಗ, ದೊಡ್ಡ ಕರುಳು ಎಷ್ಟಿದೆ, ಈ ಮೂರು ಉತ್ತರದ ಮೇಲೆ ಮುಂದಿನದೆಲ್ಲ ನಿಂತಿದೆ.

ಈಗ ನೀರಿನ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಾನು ಇದನ್ನು ಕಲಿತದ್ದು ಒಬ್ಬ ಹುಡುಗನನ್ನು ಕಳೆದುಕೊಂಡು. ಆಗ ನಾನಿನ್ನೂ ಟ್ರೇನಿಂಗ್‌ನಲ್ಲಿದ್ದೆ. ಇಳಕಲ್ ಕಡೆಯ ಒಬ್ಬ ನೇಕಾರರ ಮಗ, ಇಪ್ಪತ್ತೆರಡು ವರ್ಷ. ಅವನಿಗೂ ನಿಮ್ಮ ಅಣ್ಣನ ಹಾಗೇ ಹೊಟ್ಟೆಯ ಮೇಲೆ ಕರುಳಿನ ಬಾಯಿ. ಮಂಚದ ಪಕ್ಕ ಸ್ಟೀಲಿನ ಚೊಂಬು. ಅವನಮ್ಮ ಅದನ್ನು ತುಂಬಿಸಿ ತುಂಬಿಸಿ ಇಡುತ್ತಿದ್ದರು. ‘ಬಾಯಾರಿಕೆ ಆಗ್ತಿದೆ ಅಲ್ವಾ, ನೀರು ಚೆನ್ನಾಗಿ ಕುಡಿ’ ಎಂದು ರೌಂಡ್ಸ್‌ನಲ್ಲಿ ದಿನಾ ಹೇಳುತ್ತಿದ್ದವಳು ನಾನೇ. ಕುಡಿದಷ್ಟೂ ಬ್ಯಾಗ್ ತುಂಬುತ್ತಿತ್ತು. ಕಿಡ್ನಿ ಸೋತು ಅವನು ತೀರಿಕೊಂಡ. ಆ ಚೊಂಬು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಏನಾಗುತ್ತದೆ ಕೇಳಿ. ಜೊಲ್ಲು, ಜಠರದ ರಸ, ಪಿತ್ತ, ಮೇದೋಜೀರಕದ ರಸ ಎಲ್ಲ ಸೇರಿ ದಿನಕ್ಕೆ 4 ಲೀಟರ್‌ಗೂ ಜಾಸ್ತಿ ಕರುಳಿನ ಮೇಲ್ಭಾಗಕ್ಕೆ ಇಳಿಯುತ್ತದೆ. ಕೆಳಗಿನ ಕರುಳು ಅದನ್ನೆಲ್ಲ ಮತ್ತೆ ಹೀರಿಕೊಳ್ಳುತ್ತದೆ. ನಿಮ್ಮ ಅಣ್ಣನಿಗೆ ಆ ಕೆಳಗಿನ ಭಾಗ ದಾರಿಯಲ್ಲಿ ಇಲ್ಲ. ಉಳಿದಿರುವ ಮೇಲಿನ ಭಾಗ ಜಾಲರಿಯ ಹಾಗೆ. ಅಲ್ಲಿಗೆ ಬರೀ ನೀರು ಹೋದರೆ ರಕ್ತದಲ್ಲಿರುವ ಉಪ್ಪು ಸೋರಿ ಕರುಳಿಗೆ ಬರುತ್ತದೆ, ಬ್ಯಾಗ್ ಸೇರುತ್ತದೆ. ಉಪ್ಪು ಹೋದ ಹಿಂದೆಯೇ ನೀರೂ ಹೋಗುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಹಣ್ಣಿನ ಜ್ಯೂಸಿನ ಸಿಹಿ ಮೈಯಿಂದಲೇ ನೀರು ಎಳೆಯುತ್ತದೆ. ಹಾಗಾಗಿ ನೀರು, ಎಳನೀರು, ಕಾಫಿ, ಟೀ, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಅರ್ಧ ಲೀಟರ್ ದಾಟದಂತೆ ನೋಡಿಕೊಳ್ಳಿ. ಬಾಯಾರಿದವನ ಕೈಯಿಂದ ನೀರು ಕಿತ್ತುಕೊಳ್ಳುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಆದರೂ ಹೇಳುತ್ತಿದ್ದೇನೆ.

ಅದರ ಬದಲು ಇದನ್ನು ಕೊಡಿ. ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ 20 ಗ್ರಾಂ ಗ್ಲೂಕೋಸ್ ಪುಡಿ, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಬೇಕಿಂಗ್ ಪೌಡರ್ ಬೇಡ, ಅದು ಬೇರೆ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಹೆಸರಿನಲ್ಲಿ ಹೆಸರುವಾಸಿಯಾದ ದ್ರಾವಣ ಇದು. ಮೆಡಿಕಲ್ ಶಾಪಿನ ಮಾಮೂಲಿ ಓಆರ್‌ಎಸ್‌ಗಿಂತ ಇದರಲ್ಲಿ ಉಪ್ಪಿನಂಶ ಜಾಸ್ತಿ. ಚಮಚದ ಲೆಕ್ಕ ನಂಬಬೇಡಿ, ಒಂದೊಂದು ಮನೆಯ ಚಮಚ ಒಂದೊಂದು ಅಳತೆ. ಗ್ರಾಂ ತೂಗುವ ಪುಟ್ಟ ತಕ್ಕಡಿ ತಂದುಕೊಳ್ಳಿ. ರುಚಿ ಚೆನ್ನಾಗಿರುವುದಿಲ್ಲ. ಫ್ರಿಜ್‌ನಲ್ಲಿ ತಣ್ಣಗೆ ಮಾಡಿ, ಎರಡು ಹನಿ ನಿಂಬೆರಸ ಹಿಂಡಿ, ಗುಟುಕು ಗುಟುಕಾಗಿ ದಿನವಿಡೀ ಕುಡಿಯಲಿ. ಮಿಕ್ಕಿದ್ದನ್ನು ಮರುದಿನಕ್ಕೆ ಇಡಬೇಡಿ. ಕಿಡ್ನಿ ಈಗಾಗಲೇ ಸೋತಿದ್ದರೆ, ಹೃದಯದ ತೊಂದರೆ ಇದ್ದರೆ, ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಬ್ಯಾಗ್‌ನಿಂದ ಎಷ್ಟು ಹೋಯಿತು, ಮೂತ್ರ ಎಷ್ಟು ಬಂತು, ಎರಡನ್ನೂ ಅಳೆದು ಬರೆಯಿರಿ. ಮೂತ್ರ ದಿನಕ್ಕೆ ಸುಮಾರು 1 ಲೀಟರ್ ಆದರೂ ಬರಬೇಕು.

ಜೊತೆಗೆ ಮಾತ್ರೆಗಳಿವೆ. ಊಟಕ್ಕೆ ಅರ್ಧ ಗಂಟೆ ಮೊದಲು ಲೋಪರಮೈಡ್. ಅದು ಕರುಳಿನ ಓಟ ನಿಧಾನ ಮಾಡುತ್ತದೆ. ಇಂಥವರಿಗೆ ಅದನ್ನು ಮಾಮೂಲಿಗಿಂತ ಹೆಚ್ಚಿನ ಡೋಸ್‌ನಲ್ಲಿ ಕೊಡಬೇಕಾಗಬಹುದು, ಆದರೆ ಅದನ್ನು ವೈದ್ಯರೇ ತೀರ್ಮಾನಿಸಬೇಕು. ಒಮೆಪ್ರಜೋಲ್ ಜಾತಿಯದು ಜಠರದ ರಸ ಕಡಿಮೆ ಮಾಡುತ್ತದೆ. ನುಂಗಿದ ಮಾತ್ರೆ ಇಡಿಯಾಗಿ ಬ್ಯಾಗ್‌ಗೆ ಬಂದು ಬೀಳುತ್ತಿದೆಯಾ ಗಮನಿಸಿ. ಎಷ್ಟೋ ಸಲ ಹಾಗಾಗುತ್ತದೆ, ಮನೆಯವರು ಹೇಳುವುದೇ ಇಲ್ಲ. ಕ್ರೋನ್ಸ್‌ಗೂ ಇಂಥವರಿಗೆ ಮಾತ್ರೆಗಿಂತ ಚುಚ್ಚುಮದ್ದಿನ ಔಷಧಿಯೇ ವಾಸಿ. ಬಿ12 ಹೀರಿಕೊಳ್ಳುವುದು ಸಣ್ಣ ಕರುಳಿನ ಕೊನೆಯ ಭಾಗ. ಅದು ಹೋಗಿದ್ದರೆ ಜೀವನಪೂರ್ತಿ ಬಿ12 ಇಂಜೆಕ್ಷನ್ ಬೇಕು.

ಊಟದಲ್ಲಿ ಉಪ್ಪು ಜಾಸ್ತಿ ಇರಲಿ. ಹಪ್ಪಳ, ಉಪ್ಪಿನಕಾಯಿ ರಸ ಆಗಬಹುದು. ಬೆಣ್ಣೆ, ತುಪ್ಪಕ್ಕೆ ಇವರಿಗೆ ತಡೆಯಿಲ್ಲ. ನಿಮ್ಮೂರಿನ ಬೆಣ್ಣೆ ದೋಸೆ ಧಾರಾಳವಾಗಿ ತಿನ್ನಲಿ. ನಾರು, ಸಿಪ್ಪೆ, ಹಸಿ ತರಕಾರಿ ಕಡಿಮೆ ಮಾಡಿ. ಊಟದ ಜೊತೆ ಕುಡಿಯುವುದು ಬೇಡ, ಅರ್ಧ ಗಂಟೆ ಬಿಡಲಿ. ಆದರೆ 18 ಕೆಜಿ ಇಳಿದ ಮೈಗೆ ಒಮ್ಮೆಲೇ ತುಂಬಾ ಊಟವಾಗಲಿ, ಡ್ರಿಪ್ ಆಗಲಿ ಕೊಟ್ಟರೆ ರಕ್ತದಲ್ಲಿ ಫಾಸ್ಫೇಟ್ ಕುಸಿದು ಹೃದಯಕ್ಕೇ ಅಪಾಯ. ಮೊದಲ ವಾರ ನಿಧಾನವಾಗಿ, ಥಯಮಿನ್ (ವಿಟಮಿನ್ ಬಿ1) ಕೊಟ್ಟುಕೊಂಡು, ಆಸ್ಪತ್ರೆಯಲ್ಲೇ ಏರಿಸಬೇಕು.

ಇಷ್ಟೆಲ್ಲ ಮಾಡಿಯೂ ತೂಕ, ನೀರು ನಿಲ್ಲದಿದ್ದರೆ ಟಿಪಿಎನ್. ಅಂದರೆ ಊಟವನ್ನು ನೇರ ರಕ್ತಕ್ಕೆ ಕೊಡುವುದು. ಗ್ಲೂಕೋಸ್, ಪ್ರೋಟೀನಿನ ಅಮೈನೋ ಆಮ್ಲ, ಕೊಬ್ಬು, ಲವಣ, ವಿಟಮಿನ್ ಎಲ್ಲ ಸೇರಿದ ಹಾಲುಬಿಳಿ ಚೀಲ. ಎದೆಯ ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆಯಿಂದ ಹೋಗುತ್ತದೆ. 1960ರ ದಶಕದ ಕೊನೆಯಲ್ಲಿ ಫಿಲಡೆಲ್ಫಿಯಾದ ಸ್ಟ್ಯಾನ್ಲಿ ಡ್ಯುಡ್ರಿಕ್ ಇದನ್ನು ಮೊದಲು ನಾಯಿಮರಿಗಳಲ್ಲಿ, ಆಮೇಲೆ ಮನುಷ್ಯರಲ್ಲಿ ಮಾಡಿ ತೋರಿಸಿದರು. ಬಾಯಿಗೆ ಏನೂ ಕೊಡದೆ ಬೆಳೆದ ಮರಿಗಳು ಅವು. ಅದನ್ನು ಮನೆಯಲ್ಲೇ ಹಾಕಿಕೊಳ್ಳುವಂತೆ ಮಾಡಿದವರಲ್ಲಿ ಟೊರಾಂಟೊದ ಡಾ. ಖುರ್ಷಿದ್ ಜೀಜಿಭಾಯ್ ಒಬ್ಬರು. ಅವರು ವೈದ್ಯಕೀಯ ಓದಿದ್ದು ವೆಲ್ಲೂರಿನ ಸಿಎಂಸಿಯಲ್ಲಿ. ಕರುಳು ಸೋತರೂ ಮನುಷ್ಯ ಬದುಕಬಹುದು ಎಂಬುದು ಅಲ್ಲಿಂದ ಶುರು. ಈಗ ಎಷ್ಟೋ ದೇಶಗಳಲ್ಲಿ ಜನ ರಾತ್ರಿ ಹಚ್ಚಿಕೊಂಡು ಮಲಗಿ, ಬೆಳಿಗ್ಗೆ ಕಳಚಿ, ಕೆಲಸಕ್ಕೆ ಹೋಗುತ್ತಾರೆ.

ನಮ್ಮಲ್ಲಿ ಇದು ಇನ್ನೂ ಕಷ್ಟ. ಒಂದು ಚೀಲಕ್ಕೆ ಸಾವಿರಾರು ರೂಪಾಯಿ. ನಾನು ಕಂಡ ಕುಟುಂಬಗಳಲ್ಲಿ ವಿಮೆಯವರು ಆಸ್ಪತ್ರೆಯ ಹಾಸಿಗೆಗೆ ದುಡ್ಡು ಕೊಟ್ಟರು, ಮನೆಯ ಚೀಲಕ್ಕೆ ಕೊಡಲಿಲ್ಲ. ಇದು ಬದಲಾಗಲೇಬೇಕು ಎಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ, ಇಲ್ಲೂ ಹೇಳುತ್ತೇನೆ. ಆದರೆ ಆಗದ ಕೆಲಸವಲ್ಲ. ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟದ ಮನೆ. ಸೊಸೆಗೆ ಟಿಪಿಎನ್. ಹಾಕುವುದನ್ನು ಕಲಿತದ್ದು ಗಂಡ, ಕಾವಲು ಕಾಯುತ್ತಿದ್ದದ್ದು ಅತ್ತೆ. ‘ಕೊಳವೆ ಮುಟ್ಟಬೇಕಾದರೆ ನಮ್ಮ ಕಾಲದ ಮಡಿಗಿಂತ ಒಂದು ಕೈ ಮೇಲೆ’ ಎನ್ನುತ್ತಿದ್ದರು ಆ ಅಜ್ಜಿ. ಸೋಪು ಹಚ್ಚಿ ಕೈ ತೊಳೆದು, ಒಣಗಿಸಿ, ಗ್ಲೌಸ್ ಹಾಕಿ, ಕೊಳವೆಯ ತುದಿಯನ್ನು ಸ್ಪಿರಿಟ್‌ನಲ್ಲಿ ಉಜ್ಜಿ, ಒಣಗುವ ತನಕ ಕಾದು. ಎರಡು ವರ್ಷದಲ್ಲಿ ಒಂದೇ ಒಂದು ಸಲ ಸೋಂಕಾಯಿತು. ನೆನಪಿಡಿ, ಡ್ರಿಪ್ ಹಚ್ಚಿ ಒಂದು ಗಂಟೆಯೊಳಗೆ ಚಳಿ ಹಿಡಿದು ಜ್ವರ ಬಂದರೆ ಅದು ಕೊಳವೆಯ ಸೋಂಕು ಎಂದೇ ತಿಳಿದು, ಡ್ರಿಪ್ ನಿಲ್ಲಿಸಿ ಆಸ್ಪತ್ರೆಗೆ ಓಡಬೇಕು. ಪ್ಯಾರಸಿಟಮಾಲ್ ಕೊಟ್ಟು ಬೆಳಗಿನ ತನಕ ಕಾಯಬಾರದು. ವರ್ಷಗಟ್ಟಲೆ ಹಾಕಿದರೆ ಲಿವರ್ ಮೇಲೂ ಕಣ್ಣಿಡಬೇಕಾಗುತ್ತದೆ.

ನಿಮ್ಮ ಅಣ್ಣನ ವಿಷಯದಲ್ಲಿ ನನಗೆ ಧೈರ್ಯ ಕೊಡುವ ಮಾತು ಒಂದಿದೆ. ದೊಡ್ಡ ಕರುಳು ಒಳಗೇ ಇದೆ. ಅದನ್ನು ಮತ್ತೆ ಜೋಡಿಸಿದರೆ ನೀರು, ಉಪ್ಪು ಹೀರುತ್ತದೆ. ಜೀರ್ಣವಾಗದ ಪಿಷ್ಟವನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಮೈಗೆ ಶಕ್ತಿಯಾಗಿ ಕೊಡುತ್ತವೆ. ಹೊಟ್ಟೆಯ ಮೇಲೆ ಬಾಯಿ ಇರುವವರಿಗೆ ಟಿಪಿಎನ್ ಇಲ್ಲದೆ ಬದುಕಲು ಸುಮಾರು 1 ಮೀಟರ್ ಸಣ್ಣ ಕರುಳು ಬೇಕು. ದೊಡ್ಡ ಕರುಳು ಜೋಡಿಸಿದ್ದರೆ 60 ಸೆಂಟಿಮೀಟರ್ ಆಸುಪಾಸಿನಲ್ಲೂ ಎಷ್ಟೋ ಜನ ನಡೆಸುತ್ತಾರೆ. ಅಂದರೆ ಒಂದು ಮೊಳದ ಮೇಲೆ ಸುಮಾರು ಒಂದು ಗೇಣು. ಉಳಿದ ಕರುಳೂ ಒಂದೆರಡು ವರ್ಷದಲ್ಲಿ ಹಿಗ್ಗಿ, ಹೆಚ್ಚು ಹೀರಲು ಕಲಿಯುತ್ತದೆ. ಆದ್ದರಿಂದ ಶಸ್ತ್ರವೈದ್ಯರನ್ನು ಕೇಳಿ, ಯಾವಾಗ ಜೋಡಿಸುತ್ತೀರಿ ಎಂದು. ತೂಕ ಬಂದಿರಬೇಕು, ಹೊಟ್ಟೆಯಲ್ಲಿ ಕೀವು ಇರಬಾರದು, ಕ್ರೋನ್ಸ್ ತಣ್ಣಗಾಗಿರಬೇಕು. ಅಷ್ಟು ಸಮಯ ಗೆಲ್ಲಿಸಿಕೊಡುವುದಕ್ಕೇ ಉಪ್ಪುನೀರು, ಟಿಪಿಎನ್ ಎಲ್ಲ.

ಕರುಳು ಬೆಳೆಯಲು ಇಂಜೆಕ್ಷನ್ ಇದೆಯಂತೆ ಎಂದು ಇನ್ನೂ ಕೆಲವರು ಕೇಳಿದ್ದಾರೆ. ಇದೆ, ಹೆಸರು ಟೆಡುಗ್ಲುಟೈಡ್. ನಮ್ಮ ಕರುಳೇ ತಯಾರಿಸುವ ಜಿಎಲ್‌ಪಿ-2 ಎಂಬ ಹಾರ್ಮೋನಿನ ತದ್ರೂಪು, ದಿನಾ ಚರ್ಮದಡಿ ಚುಚ್ಚಬೇಕು. ಕರುಳಿನ ಒಳಪದರ ದಪ್ಪವಾಗಿ ಹೆಚ್ಚು ಹೀರುತ್ತದೆ, ಉದ್ದವೇನೂ ಬೆಳೆಯುವುದಿಲ್ಲ. 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮುಖ್ಯ ಪ್ರಯೋಗದಲ್ಲಿ ಔಷಧಿ ಪಡೆದ 43 ಜನರಲ್ಲಿ 27 ಜನರಿಗೆ ಡ್ರಿಪ್ಪಿನ ಪ್ರಮಾಣ ಐದನೇ ಒಂದು ಭಾಗವಾದರೂ ಇಳಿಯಿತು. ಬರೀ ಹುಸಿ ಚುಚ್ಚುಮದ್ದು ಪಡೆದ 43 ಜನರಲ್ಲೂ 13 ಜನರಿಗೆ ಇಳಿಯಿತು. ಒಳ್ಳೆಯ ಔಷಧಿಯೇ. ಆದರೆ ಬಿಡುಗಡೆಯಾದಾಗ ಅಲ್ಲಿ ಅದರ ಬೆಲೆ ವರ್ಷಕ್ಕೆ ಸುಮಾರು 3 ಲಕ್ಷ ಡಾಲರ್ ಇತ್ತು. ಕರುಳಿನ ಕ್ಯಾನ್ಸರ್ ಇರುವವರಿಗೆ ಕೊಡುವಂತಿಲ್ಲ, ದೊಡ್ಡ ಕರುಳಿನಲ್ಲಿ ಗಂಟುಗಳಿವೆಯೇ ಎಂದು ಮೊದಲೇ ನೋಡಬೇಕು. ಇದು ಸಿಗಲಿಲ್ಲ ಎಂದು ಮನೆ, ಜಮೀನು ಮಾರುವ ಯೋಚನೆ ಮಾಡಬೇಡಿ.

ಇನ್ನು ನಿಮ್ಮ ಪ್ರಶ್ನೆ. ಕರುಳಿನ ಕಸಿ ನಿಜವಾಗಿಯೂ ಇದೆ, ನಮ್ಮ ಪಕ್ಕದ ಚೆನ್ನೈನಲ್ಲೂ ಆಗಿದೆ. ಬದುಕಿರುವವರು ತಮ್ಮ ಕರುಳಿನ ಒಂದು ಭಾಗ ಕೊಡಲೂ ಬರುತ್ತದೆ, 1994ರ ಅಂಗಾಂಗ ಕಸಿ ಕಾಯ್ದೆಯಲ್ಲಿ ಒಡಹುಟ್ಟಿದವರಿಗೆ ಅವಕಾಶವಿದೆ. ಆದರೆ ಇದು ಕಿಡ್ನಿ ಕಸಿಯ ಹಾಗಲ್ಲ. ಕರುಳಿನ ತುಂಬ ಬ್ಯಾಕ್ಟೀರಿಯಾ, ಜೊತೆಗೆ ರೋಗನಿರೋಧಕ ಕೋಶಗಳ ದೊಡ್ಡ ಸೈನ್ಯ. ಮೈ ಅದನ್ನು ಸುಲಭಕ್ಕೆ ಒಪ್ಪುವುದಿಲ್ಲ. ಮೈ ಒಪ್ಪುವಂತೆ ಮಾಡುವ ಔಷಧಿ ಜಾಸ್ತಿ ಕೊಟ್ಟರೆ ಸೋಂಕು. ಐದು ವರ್ಷ ದಾಟುವವರು ಸುಮಾರು ಅರ್ಧ, ಇಲ್ಲವೇ ಸ್ವಲ್ಪ ಜಾಸ್ತಿ. ಟಿಪಿಎನ್ ಒಗ್ಗಿದವರು ಅದಕ್ಕಿಂತ ಚೆನ್ನಾಗಿ ಬದುಕುತ್ತಾರೆ. ಹಾಗಾಗಿ ಲಿವರ್ ಕೆಡುತ್ತಿದ್ದರೆ, ಕೊಳವೆ ಹಾಕಲು ರಕ್ತನಾಳಗಳೇ ಉಳಿಯದಿದ್ದರೆ, ಮತ್ತೆ ಮತ್ತೆ ರಕ್ತಕ್ಕೆ ಸೋಂಕು ಏರುತ್ತಿದ್ದರೆ ಮಾತ್ರ ಕಸಿಯ ಮಾತು. ನಿಮ್ಮ ಅಣ್ಣ ಇನ್ನೂ ಆ ಬಾಗಿಲಿಗೆ ಬಂದಿಲ್ಲ. ಇವತ್ತು ನೀವು ಕೊಡಬಹುದಾದದ್ದು ಆ ಅಳತೆಯ ನೋಟ್‌ಬುಕ್. ದಿನಾ ಬರೆಯಿರಿ. ಹದಿನೈದು ದಿನದ ಲೆಕ್ಕವನ್ನು ನನಗೂ ಕಳಿಸಿ.

ಪ್ರಶ್ನೆ: ನಮ್ಮ ಯಜಮಾನರಿಗೆ ಕ್ರೋನ್ಸ್‌ನಿಂದ ಸಣ್ಣ ಕರುಳು ಬಹಳ ಹೋಗಿದೆ. ಉಳಿದ 80 ಸೆಂಟಿಮೀಟರನ್ನು ದೊಡ್ಡ ಕರುಳಿಗೆ ಜೋಡಿಸಿದ್ದಾರೆ. ಒಂದು ವರ್ಷ ಚೆನ್ನಾಗಿದ್ದರು. ಕಳೆದ ತಿಂಗಳು ಅಣ್ಣನ ಮನೆ ಗೃಹಪ್ರವೇಶದಲ್ಲಿ ಹೋಳಿಗೆ, ಪಾಯಸ ತಿಂದರು. ಸಂಜೆಗೆ ಮಾತು ತೊದಲಿತು, ಓಲಾಡಿದರು, ಯಾರ ಮೇಲೋ ರೇಗಿದರು. ಕುಡಿದಿದ್ದಾರೆ ಎಂದು ನೆಂಟರೆಲ್ಲ ಆಡಿಕೊಂಡರು. ಅವರು ಒಂದು ಹನಿ ಮುಟ್ಟುವವರಲ್ಲ. ಸ್ಕ್ಯಾನ್ ಮಾಡಿಸಿದರೆ ತಲೆಯಲ್ಲಿ ಏನೂ ಇಲ್ಲ. ದೀಪಾವಳಿಗೂ ಹೀಗೇ ಆಗಿತ್ತು.
– ಗೃಹಿಣಿ, ಸಾಗರ

ಉತ್ತರ: ಅಮ್ಮಾ, ನಿಮ್ಮ ಯಜಮಾನರು ಕುಡಿದಿರಲಿಲ್ಲ ಎಂಬುದನ್ನು ನಾನು ನಂಬುತ್ತೇನೆ. ಈ ಪುಟವನ್ನು ಆ ನೆಂಟರಿಗೂ ತೋರಿಸಿ.

ಸಣ್ಣ ಕರುಳು ಗಿಡ್ಡವಾಗಿದ್ದಾಗ ತಿಂದ ಸಕ್ಕರೆ, ಬೆಲ್ಲ ಪೂರ್ತಿ ಹೀರಿಕೊಳ್ಳದೆ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಡಿ-ಲ್ಯಾಕ್ಟೇಟ್ ಎಂಬ ಆಮ್ಲ ಮಾಡುತ್ತವೆ. ನಮ್ಮ ಮೈ ಅದನ್ನು ಬೇಗ ಕರಗಿಸಲಾರದು. ಅದು ರಕ್ತದಲ್ಲಿ ಏರಿದಾಗ ಮನುಷ್ಯ ತೊದಲುತ್ತಾನೆ, ಓಲಾಡುತ್ತಾನೆ, ಗಲಿಬಿಲಿಗೊಳ್ಳುತ್ತಾನೆ. ನೋಡಿದವರಿಗೆ ಥೇಟ್ ಕುಡಿದ ಹಾಗೆ. ಹೊಟ್ಟೆಯ ಮೇಲೆ ಬ್ಯಾಗ್ ಇರುವವರಿಗೆ ಹೀಗಾಗುವುದಿಲ್ಲ. ದೊಡ್ಡ ಕರುಳು ದಾರಿಯಲ್ಲಿ ಇರುವವರಿಗೇ ಇದು. ಎರಡು ಸಲವೂ ಸಿಹಿ ಊಟದ ಮೇಲೆಯೇ ಆಗಿರುವುದರಿಂದ ನನಗೆ ಅನುಮಾನ ಗಟ್ಟಿಯಾಗಿದೆ.

ಲ್ಯಾಬಿನಲ್ಲಿ ಮಾಮೂಲಿ ಲ್ಯಾಕ್ಟೇಟ್ ಪರೀಕ್ಷೆ ಮಾಡಿದರೆ ಇದು ಸಿಕ್ಕುವುದಿಲ್ಲ, ಅದು ಅಳೆಯುವುದು ಎಲ್-ಲ್ಯಾಕ್ಟೇಟ್ ಎಂಬ ಇನ್ನೊಂದು ರೂಪವನ್ನು. ಹಾಗಾಗಿ ಒಂದು ಕಾಗದದಲ್ಲಿ ‘ಗಿಡ್ಡ ಕರುಳು, 80 ಸೆಂಟಿಮೀಟರ್, ದೊಡ್ಡ ಕರುಳು ಜೋಡಿಸಿದೆ, ಡಿ-ಲ್ಯಾಕ್ಟಿಕ್ ಅಸಿಡೋಸಿಸ್ ಇರಬಹುದು’ ಎಂದು ಬರೆದು ಅವರ ಜೇಬಿನಲ್ಲಿ ಇಡಿ. ಮತ್ತೆ ಹಾಗಾದರೆ ಸಿಹಿ, ಅನ್ನ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಡ್ರಿಪ್, ಬೈಕಾರ್ಬೊನೇಟ್, ಕರುಳಿನ ಬ್ಯಾಕ್ಟೀರಿಯಾ ತಗ್ಗಿಸುವ ಆಂಟಿಬಯೋಟಿಕ್ ಕೊಡುತ್ತಾರೆ. ಥಯಮಿನ್ ಕಡಿಮೆಯಾದರೂ ಇಂಥದೇ ಗಲಿಬಿಲಿ ಬರುತ್ತದೆ, ಅದನ್ನೂ ಕೊಡಲು ಹೇಳಿ.

ಸಕ್ಕರೆ, ಬೆಲ್ಲ, ಜ್ಯೂಸು ಬಿಡಬೇಕು. ಒಂದೇ ಸಲ ಹೊಟ್ಟೆ ತುಂಬ ಉಣ್ಣುವ ಬದಲು ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ. ಯಾರೋ ಹೇಳಿದರೆಂದು ಪ್ರೋಬಯಾಟಿಕ್ ಕ್ಯಾಪ್ಸೂಲ್ ನುಂಗಬಾರದು, ಕೆಲವು ಜಾತಿಯ ಲ್ಯಾಕ್ಟೋಬ್ಯಾಸಿಲಸ್ ಇದೇ ಆಮ್ಲ ಮಾಡುತ್ತವೆ. ಮೇಲಿನ ದಾವಣಗೆರೆಯವರಿಗೆ ಬೆಣ್ಣೆ ತಿನ್ನಿ ಎಂದೆ, ನಿಮ್ಮವರಿಗೆ ಎಣ್ಣೆ, ಜಿಡ್ಡು ಮಿತಿಯಲ್ಲಿರಲಿ. ದೊಡ್ಡ ಕರುಳು ಜೋಡಿಸಿರುವ ಇಂಥವರಿಗೆ ಕಿಡ್ನಿಯಲ್ಲಿ ಕಲ್ಲು ಆಗುವ ಸಂಭವವೂ ಜಾಸ್ತಿ. ಪಾಲಕ್, ಬೀಟ್‌ರೂಟ್, ಗೋಡಂಬಿ, ಕಡು ಟೀ ಕಡಿಮೆ ಮಾಡಿ.

ಪ್ರಶ್ನೆ: ಮಗಳಿಗೆ 23. ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಹುಣ್ಣಿನ ಕಾಯಿಲೆ. ಯಾವ ಔಷಧಿಯೂ ನಾಟಲಿಲ್ಲ, ದೊಡ್ಡ ಕರುಳು ಪೂರ್ತಿ ತೆಗೆಯಬೇಕು ಎನ್ನುತ್ತಾರೆ. ಜೀವನಪೂರ್ತಿ ಡ್ರಿಪ್ಪಿನಲ್ಲಿ ಇರಬೇಕಾ? ಮದುವೆ, ಮಕ್ಕಳು?
– ಒಬ್ಬ ತಂದೆ, ಮೈಸೂರು

ಉತ್ತರ: ಬೇಡ. ಊಟ ಹೀರುವುದು ಸಣ್ಣ ಕರುಳು, ಅದು ಇಡಿಯಾಗಿ ಉಳಿಯುತ್ತದೆ. ದೊಡ್ಡ ಕರುಳು ಇಲ್ಲದೆ ಮನುಷ್ಯ ಉಂಡು, ತಿಂದು, ದುಡಿದು ಬದುಕುತ್ತಾನೆ. ಸ್ವಲ್ಪ ಕಾಲ ಬ್ಯಾಗ್, ಆಮೇಲೆ ಸಣ್ಣ ಕರುಳಿನ ತುದಿಯನ್ನೇ ಮಡಚಿ ಒಂದು ಚೀಲ ಮಾಡಿ ಗುದದ್ವಾರಕ್ಕೆ ಜೋಡಿಸುತ್ತಾರೆ. 1978ರಿಂದ ಇರುವ ಆಪರೇಷನ್. ದಿನಕ್ಕೆ ನಾಲ್ಕರಿಂದ ಎಂಟು ಸಲ ಹೋಗಬೇಕಾಗಬಹುದು. ಸೊಂಟದೊಳಗಿನ ಈ ಆಪರೇಷನ್ ಆದ ಮೇಲೆ ಗರ್ಭ ನಿಲ್ಲುವುದು ಕೆಲವರಿಗೆ ತಡವಾಗುತ್ತದೆ, ಲ್ಯಾಪ್ರೋಸ್ಕೋಪಿಯಲ್ಲಿ ಮಾಡಿದರೆ ಆ ತೊಂದರೆ ಕಡಿಮೆ. ಮಕ್ಕಳಾಗುತ್ತವೆ. ಇದು ಕ್ರೋನ್ಸ್ ಅಲ್ಲ ಎಂದು ಮೊದಲೇ ಖಚಿತ ಮಾಡಿಕೊಳ್ಳಿ, ಬಯಾಪ್ಸಿಯನ್ನು ಇನ್ನೊಬ್ಬರಿಗೆ ತೋರಿಸಿದರೂ ತಪ್ಪಿಲ್ಲ. ಮಗಳ ಜೊತೆ ನೇರವಾಗಿ ಮಾತಾಡಿ ಸರ್, ಅವಳಿಗೂ ಪ್ರಶ್ನೆಗಳಿರುತ್ತವೆ.

ಪ್ರಶ್ನೆ: ನನ್ನ ಹೆಂಡತಿಗೆ ಕ್ರೋನ್ಸ್. ಎರಡನೇ ಆಪರೇಷನ್ ಆದ ಹತ್ತನೇ ದಿನ ಗಾಯದಿಂದ ಕರುಳಿನ ರಸ ಸೋರಲು ಶುರುವಾಯಿತು. ಫಿಸ್ಟುಲಾ ಅಂತೆ. ಈಗ ಟಿಪಿಎನ್ ಮೇಲಿದ್ದಾಳೆ. ಆರು ತಿಂಗಳು ಕಾಯಬೇಕು, ಆಮೇಲೆ ಆಪರೇಷನ್ ಎನ್ನುತ್ತಾರೆ. ಊರಲ್ಲಿ ಅತ್ತೆ, ಮಾವ ದಿನಾ ಫೋನ್ ಮಾಡಿ, ಇಂಡಿಯಾಗೆ ಕರೆದುಕೊಂಡು ಬಾ, ಇಲ್ಲಿ ನಾಳೆಯೇ ಮಾಡುತ್ತಾರೆ ಎನ್ನುತ್ತಿದ್ದಾರೆ.
– ಕನ್ನಡಿಗ, ಮ್ಯಾಂಚೆಸ್ಟರ್

ಉತ್ತರ: ನಾಳೆಯೇ ಮಾಡುವವರು ಸಿಗುತ್ತಾರೆ. ಅದೇ ನನ್ನ ಭಯ. ಆಪರೇಷನ್ ಆದ ಮೊದಲ ತಿಂಗಳುಗಳಲ್ಲಿ ಹೊಟ್ಟೆಯೊಳಗೆ ಕರುಳಿನ ಸುರುಳಿಗಳೆಲ್ಲ ಅಂಟು ಹಾಕಿದ ಹಾಗೆ ಒಂದಕ್ಕೊಂದು ಹತ್ತಿಕೊಂಡಿರುತ್ತವೆ. ಬಿಡಿಸಲು ಹೋದರೆ ಹರಿಯುತ್ತವೆ. ಒಂದು ತೂತು ಮುಚ್ಚಲು ಹೋಗಿ ಮೂರು ತೂತು, ಕೊನೆಗೆ ಎರಡು ಮೊಳ ಕರುಳು ಕಸದ ಬುಟ್ಟಿಗೆ. ಗಿಡ್ಡ ಕರುಳಾಗಿ ನನ್ನ ಹತ್ತಿರ ಬಂದವರಲ್ಲಿ ಹಲವರು ಹೀಗೆ ಅವಸರಕ್ಕೆ ಸಿಕ್ಕಿದವರು. ಸರಿಯಾದ ಸಮಯದ ತನಕ ಕಾದಿದ್ದರೆ ಅವರಲ್ಲಿ ಕೆಲವರಿಗಾದರೂ ಇವತ್ತು ಡ್ರಿಪ್ ಬೇಕಾಗುತ್ತಿರಲಿಲ್ಲ.

ನೀವಿರುವ ಊರಿನ ಪಕ್ಕದ ಸಾಲ್ಫರ್ಡ್, ಲಂಡನ್ನಿನ ಸೇಂಟ್ ಮಾರ್ಕ್ಸ್, ಇವೆರಡು ಆ ದೇಶದಲ್ಲಿ ಕರುಳು ವೈಫಲ್ಯಕ್ಕೆಂದೇ ಹೆಸರಾದ ಕೇಂದ್ರಗಳು. ಅವರು ನಡೆಸಿಕೊಂಡು ಬಂದ ಕ್ರಮವನ್ನೇ ನಾವೂ ಪಾಲಿಸುತ್ತೇವೆ. ಮೊದಲು ಕೀವು. ಹೊಟ್ಟೆಯೊಳಗೆ ಎಲ್ಲಾದರೂ ಕೀವು ನಿಂತಿದ್ದರೆ ಸಿಟಿ ಸ್ಕ್ಯಾನ್‌ನಲ್ಲಿ ಹುಡುಕಿ ಕೊಳವೆ ಹಾಕಿ ತೆಗೆಯಬೇಕು. ಅದಿರುವ ತನಕ ಎಷ್ಟು ಟಿಪಿಎನ್ ಸುರಿದರೂ ಮೈ ಹಿಡಿಯುವುದಿಲ್ಲ. ಆಮೇಲೆ ಪೋಷಣೆ. ಅದರ ನಂತರ ಯಾವ ಕರುಳು ಎಲ್ಲಿಗೆ ಹೋಗಿದೆ ಎಂದು ಬಣ್ಣ ಬಿಟ್ಟು ಎಕ್ಸ್‌ರೇ ತೆಗೆದು ನಕ್ಷೆ. ಆಪರೇಷನ್ ಎಲ್ಲಕ್ಕಿಂತ ಕೊನೆಗೆ. ತೂತಿನಿಂದ ಕೆಳಗಿನ ಕರುಳು ಚೆನ್ನಾಗಿದ್ದರೆ ಆ ತೂತಿನ ಮೂಲಕವೇ ಕೆಳಕ್ಕೆ ಆಹಾರ ಬಿಡಬಹುದಾ ಎಂದು ಅಲ್ಲಿನ ಡಾಕ್ಟರನ್ನು ಕೇಳಿ ನೋಡಿ. ಆಗುವಂತಿದ್ದರೆ ಟಿಪಿಎನ್ ಕಡಿಮೆಯಾಗುತ್ತದೆ, ಲಿವರ್ ಉಳಿಯುತ್ತದೆ.

ಆರು ತಿಂಗಳು ಗಾಯದ ವಾಸನೆ, ಚರ್ಮ ಸುಡುವುದು, ಬ್ಯಾಗ್ ಕಿತ್ತುಬರುವುದು, ಇದನ್ನೆಲ್ಲ ಆಕೆ ಅನುಭವಿಸಬೇಕು. ಅದು ಸಣ್ಣ ಮಾತಲ್ಲ. ಬ್ಯಾಗ್, ಸುತ್ತಲಿನ ಚರ್ಮ ನೋಡಿಕೊಳ್ಳುವ ಸ್ಟೋಮಾ ನರ್ಸ್ ಆಕೆಗೆ ಶಸ್ತ್ರವೈದ್ಯರಷ್ಟೇ ಮುಖ್ಯ. ಬೇಕಾದರೆ ಊರಿಂದ ಅಮ್ಮನನ್ನು ಕರೆಸಿಕೊಳ್ಳಿ. ಸಾರು ಅನ್ನಕ್ಕಲ್ಲ, ಪಕ್ಕದಲ್ಲಿ ಕೂತುಕೊಳ್ಳಲಿಕ್ಕೆ.

ಪ್ರಶ್ನೆ: ನನಗೆ 29. ಹೊಟ್ಟೆನೋವು, ವಾಂತಿ. ಮೊದಲು ಕರುಳಿನ ಟಿಬಿ ಎಂದು ಆರು ತಿಂಗಳು ಮಾತ್ರೆ ಕೊಟ್ಟರು. ಈಗ ಕ್ರೋನ್ಸ್ ಎನ್ನುತ್ತಾರೆ. ಸಣ್ಣ ಕರುಳು ನಾಲ್ಕು ಕಡೆ ಬಿಗಿದುಕೊಂಡಿದೆ, ಅಷ್ಟೂ ಭಾಗ ತೆಗೆಯಬೇಕಂತೆ. ಆಪರೇಷನ್‌ಗೆ ಇನ್ನೂ ಮೂರು ವಾರ ಇದೆ. ಇನ್ನೂ ಮದುವೆಯಾಗಿಲ್ಲ. ದಿನಕ್ಕೆ ಒಂದು ಕಟ್ಟು ಬೀಡಿ ಸೇದುತ್ತೇನೆ, ನಿಜ ಹೇಳಿದ್ದೇನೆ.
– ಓದುಗ, ಕಲಬುರಗಿ

ಉತ್ತರ: ನಿಜ ಹೇಳಿದ್ದು ಒಳ್ಳೆಯದಾಯಿತು ತಮ್ಮಾ. ಟಿಬಿಯೂ ಕ್ರೋನ್ಸೂ ಕರುಳಿನಲ್ಲಿ ಒಂದೇ ಥರ ಕಾಣುತ್ತವೆ. ನಮ್ಮ ದೇಶದಲ್ಲಿ ಈ ಗೊಂದಲ ದಿನಾ ಆಗುವಂಥದ್ದು, ಯಾರದೂ ತಪ್ಪಲ್ಲ.

ನಾಲ್ಕು ಕಡೆ ಬಿಗಿದರೆ ನಾಲ್ಕೂ ಕತ್ತರಿಸಲೇಬೇಕೆಂದಿಲ್ಲ. ಊತದಿಂದ ಬಿಗಿದಿದ್ದರೆ ಔಷಧಿಗೆ ಬಿಡುತ್ತದೆ. ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್‌ನಂಥ ಇಂಜೆಕ್ಷನ್‌ಗಳಿವೆ. ಕೊಡುವ ಮುಂಚೆ ಮೈಯಲ್ಲಿ ಟಿಬಿ ಅಡಗಿಲ್ಲ ಎಂದು ನೋಡಲೇಬೇಕು. ಗಾಯ ಮಾಗಿ ಗಟ್ಟಿಯಾಗಿ ಬಿಗಿದಿದ್ದರೆ ಔಷಧಿ ನಾಟುವುದಿಲ್ಲ. ಚಿಕ್ಕ ಬಿಗಿತವಾದರೆ, ಎಂಡೋಸ್ಕೋಪ್ ತಲುಪುವ ಜಾಗದಲ್ಲಿದ್ದರೆ, ಬಲೂನ್ ಹಾಕಿ ಹಿಗ್ಗಿಸಬಹುದು. ಇಲ್ಲವೇ ಸ್ಟ್ರಿಕ್ಚರೋಪ್ಲಾಸ್ಟಿ. ಬಿಗಿದ ಜಾಗವನ್ನು ಉದ್ದಕ್ಕೆ ಸೀಳಿ ಅಡ್ಡಕ್ಕೆ ಹೊಲಿಯುತ್ತಾರೆ. ದಾರಿ ಅಗಲವಾಗುತ್ತದೆ, ಒಂದು ಇಂಚು ಕರುಳೂ ಹೋಗುವುದಿಲ್ಲ. ಇದನ್ನು ಕರುಳಿನ ಟಿಬಿಗೆ ಮಾಡಿ 1977ರಲ್ಲಿ ಪ್ರಕಟಿಸಿದವರು ನಮ್ಮ ದೇಶದ ಶಸ್ತ್ರವೈದ್ಯ ಕಟಾರಿಯಾ ಮತ್ತು ಜೊತೆಗಾರರು. ಆಮೇಲೆ ಆಕ್ಸ್‌ಫರ್ಡ್‌ನಲ್ಲಿ ಎಮಾನ್ಯುಯಲ್ ಲೀ ಅದನ್ನೇ ಕ್ರೋನ್ಸ್‌ಗೆ ಬಳಸಿದರು. ನಮ್ಮಲ್ಲಿ ಟಿಬಿಗೆ ಕಂಡುಕೊಂಡ ದಾರಿ ಇವತ್ತು ಲೋಕದೆಲ್ಲೆಡೆ ಕ್ರೋನ್ಸ್‌ನವರ ಕರುಳು ಉಳಿಸುತ್ತಿದೆ. ‘ನನಗೆ ಸ್ಟ್ರಿಕ್ಚರೋಪ್ಲಾಸ್ಟಿ ಆಗುತ್ತದಾ, ಆಗದಿದ್ದರೆ ಯಾಕೆ’ ಎಂದು ಕೇಳಿ. ಕರುಳಿನಲ್ಲಿ ತೂತು ಬಿದ್ದಿದ್ದರೆ, ಕೀವು ಇದ್ದರೆ, ಕ್ಯಾನ್ಸರಿನ ಅನುಮಾನವಿದ್ದರೆ ಆಗುವುದಿಲ್ಲ. ಆಗ ತೆಗೆಯಲೇಬೇಕು. ತೆಗೆದರೆ ಅವತ್ತೇ, ಉಳಿದದ್ದನ್ನು ಅಳೆದು ಬರೆಯಲು ಹೇಳಿ. ಆರು ತಿಂಗಳಿಂದ ಒಂದು ವರ್ಷದೊಳಗೆ ಕೊಲೊನೋಸ್ಕೋಪಿ ಮಾಡಿಸಿಕೊಳ್ಳಿ. ನೋವು ಬರುವ ಮುಂಚೆಯೇ ಕ್ರೋನ್ಸ್ ಅಲ್ಲಿ ಮರಳಿರುತ್ತದೆ.

ಬೀಡಿ ಸೇದುವವರಿಗೆ ಆಪರೇಷನ್ ಆದ ಮೇಲೂ ಕ್ರೋನ್ಸ್ ಬೇಗ ಮರಳುತ್ತದೆ, ಮತ್ತೆ ಕತ್ತರಿ ಬೀಳುತ್ತದೆ. ಬಿಟ್ಟವರಿಗೆ ಆ ಸಂಭವ ಇಳಿಯುತ್ತದೆ. ನಾನು ಬರೆದುಕೊಡುವ ಯಾವ ಔಷಧಿಯೂ ಇಷ್ಟು ಅಗ್ಗಕ್ಕೆ ಸಿಗುವುದಿಲ್ಲ. ಆಪರೇಷನ್‌ಗೆ ಇನ್ನೂ ಮೂರು ವಾರ ಇದೆ ಎಂದು ಬರೆದಿದ್ದೀರಿ. ಇವತ್ತಿನಿಂದಲೇ ಬಿಡಿ. ಬಿಟ್ಟು ಒಂದು ವಾರವಾದ ದಿನ ನನಗೊಂದು ಕಾರ್ಡ್ ಹಾಕಿ.